ಪಾದಪದ ಬಾಯಾರಿಕೆಯೂ ಯಂತ್ರದ ಕಣ್ಣೂ

ಗಿಡಮರಗಳಿಗೆ ಸಂಸ್ಕೃತದಲ್ಲಿ ಪಾದಪವೆಂದು ಹೆಸರುಂಟು. ಪಾದದಿಂದ ಕುಡಿಯುವುದು ಎಂದು ಅದರ ಅರ್ಥ. ಬೇರಿನಿಂದ ಕುಡಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಹೊರಬಿಡುವುದು ಗಿಡದ ನಿತ್ಯಕರ್ಮವು. ಎಲೆ ಹೆಚ್ಚಿದಂತೆ ಈ ವ್ಯಯವೂ ಹೆಚ್ಚುವುದು.

ಬೀದರ ಜಿಲ್ಲೆಯ ಬೇಮಳಖೇಡದ ಸುತ್ತಿನಲ್ಲಿ ಮಳೆಯನ್ನೇ ನಂಬಿ ತೊಗರಿ, ಜೋಳ, ಕಡಲೆಗಳನ್ನು ಬೆಳೆಯುವ ಮನೆಗಳಿಗೆ ಇದು ಬರಿಯ ಶಾಸ್ತ್ರವಿಚಾರವಲ್ಲ. ಮೊದಲು ಸೊಂಪಾಗಿ ಹಬ್ಬಿದ ಪೈರು ಕಾಳುಕಟ್ಟುವ ಹೊತ್ತಿಗೆ ನೆಲದ ತೇವವನ್ನೆಲ್ಲ ತೀರಿಸಿಬಿಟ್ಟರೆ, ಕಣಕ್ಕೆ ಬರುವುದು ಜಳ್ಳೇ ಸರಿ. ಆದುದರಿಂದ ಯಾವ ತಳಿಯು ನೀರನ್ನು ಹಿತಮಿತವಾಗಿ ವೆಚ್ಚಮಾಡುವುದೆಂದು ತಿಳಿಯುವುದು ಅತ್ಯಾವಶ್ಯಕವು.

ಅದನ್ನು ತಿಳಿಯುವುದು ಹೇಗೆ? ಹಿಂದೆ ಎಲೆಗಳನ್ನು ಕಿತ್ತು ಅವುಗಳ ವಿಸ್ತೀರ್ಣವನ್ನು ಅಳೆಯುತ್ತಿದ್ದರು. ಎಲೆ ಕಿತ್ತ ಮೇಲೆ ಆ ಗಿಡದ ಮುಂದಿನ ಬೆಳವಣಿಗೆಯನ್ನು ನೋಡುವುದೆಲ್ಲಿ ಬಂತು? ಈ ತೊಡಕಿಗೆ ಒಂದು ಪರಿಹಾರವು, ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಪಟಾನ್‌ಚೆರುವಿನಲ್ಲಿಯೇ ದೊರೆತುದು ನಮಗೆ ಸಂತೋಷದ ಸಂಗತಿ. 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯು ಅಲ್ಲಿರುವುದು. ಅಲ್ಲಿ ವಿನ್ಸೆಂಟ್ ವಾದೆ ಎಂಬ ಫ್ರೆಂಚ್ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಲೀಸಿಸ್ಕ್ಯಾನ್ ಎಂಬ ಏರ್ಪಾಡನ್ನು ರೂಪಿಸಿ, 2015ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು.

ಇದರಲ್ಲಿ ಗಿಡವು ಇದ್ದಲ್ಲಿಯೇ ಇರುವುದು. ಯಂತ್ರದ ಕಣ್ಣೇ ಅದರ ನೆತ್ತಿಯ ಮೇಲೆ ಸಂಚರಿಸುವುದು. ಲೇಸರ್ ಬೆಳಕಿನ ಸಣ್ಣ ಗೆರೆಯೊಂದು ಮೇಲಿನಿಂದ ಎಲೆಗಳ ಮೇಲೆ ಬೀಳುವುದು. ಓರೆಯಾಗಿರಿಸಿದ ಕ್ಯಾಮೆರಾ ಆ ಗೆರೆಯನ್ನು ನೋಡುವುದು. ಎಲೆಯ ಎತ್ತರಕ್ಕೆ ತಕ್ಕಂತೆ ಗೆರೆಯು ಪಕ್ಕಕ್ಕೆ ಸರಿದಂತೆ ಕಾಣುವುದರಿಂದ, ಶಾಲೆಯ ತ್ರಿಕೋಣಗಣಿತದ ಬಲದಿಂದಲೇ ಪ್ರತಿಯೊಂದು ಬಿಂದುವಿನ ಎತ್ತರವನ್ನು ಎಣಿಸಬಹುದು. ಬಿಂದುಗಳನ್ನು ಕೂಡಿಸಲು ಗಿಡದ ಉದ್ದಗಲ ಎತ್ತರಗಳ ಚಿತ್ರವೂ, ಅದರಿಂದ ಎಲೆಗಳ ವಿಸ್ತೀರ್ಣವೂ ಸಿದ್ಧಿಸುವುವು. ಇದರೊಡನೆ ಸೂಕ್ಷ್ಮವಾದ ತಕ್ಕಡಿಗಳು ಕುಂಡಗಳನ್ನು ತೂಗಿ, ಆವಿಯಾಗಿ ಹೋದ ನೀರಿನ ಲೆಕ್ಕವನ್ನು ಕೊಡುವುವು. ಒಂದು ಎಲೆಗೂ ನೋವಿಲ್ಲ.

ಯಂತ್ರದ ಮಾತನ್ನು ನಂಬಬಹುದೇ ಎಂದು ಕೇಳುವುದು ನ್ಯಾಯವೇ. ಪೂರ್ಣ ಹೊಂದಿಕೆಯನ್ನು 1 ಎಂದಿಟ್ಟುಕೊಂಡರೆ, ಯಂತ್ರದ ಅಳತೆಗೂ ನಿಜವಾದ ಅಳತೆಗೂ ಇರುವ ಹೊಂದಿಕೆಯು ಬೇರೆ ಬೇರೆ ಬೆಳೆಗಳಲ್ಲಿ 0.86ರಿಂದ 0.94ರ ವರೆಗೆ ಬಂದಿತು. ಬಿಸಿಲೇರಿ ಗಾಳಿ ಒಣಗಿದಾಗ ಯಾವ ಜೋಳ, ಯಾವ ಸಜ್ಜೆ ತನ್ನ ಉಸಿರನ್ನು ಬಿಗಿಹಿಡಿಯುವುದೆಂಬುದನ್ನೂ ಅವರು ಪರೀಕ್ಷಿಸತೊಡಗಿದರು.

ಆದರೆ ಒಂದು ಮಾತನ್ನು ಮರೆಯಬಾರದು. ಮಿತವ್ಯಯಿಯಾದ ಗಿಡವು ಬರಗಾಲದಲ್ಲಿ ಗೆದ್ದರೂ ಸಮೃದ್ಧವಾದ ಮಳೆಯ ವರ್ಷದಲ್ಲಿ ಹಿಂದುಳಿಯಬಹುದು. ಎಲ್ಲ ನೆಲಕ್ಕೂ ಒಪ್ಪುವ ಒಂದೇ ತಳಿ ಎಂಬುದಿಲ್ಲ. ಚಿತ್ರವು ಮಳೆಯನ್ನು ತರಲಾರದು. ಚಿತ್ರದಿಂದ ಆರಿಸಿದ ಗಿಡವೂ ಬೀಜವಾಗಿ ರೈತನ ಕೈಸೇರಲು ವರ್ಷಗಳು ಬೇಕು. ಹಾಗಿದ್ದರೂ, ಗಿಡವನ್ನು ಕೊಲ್ಲದೆ ಅದರ ಗುಣವನ್ನು ತಿಳಿಯುವ ಈ ವಿದ್ಯೆಯು ಆದರಣೀಯವಾದುದು. ಗೃಹಿಣಿಯರಿಗೆ ಇದರ ಮರ್ಮವು ಹೊಸದಲ್ಲ: ಸುಗ್ಗಿಯಲ್ಲಿಯೇ ಕಣಜವನ್ನು ಬರಿದುಮಾಡದೆ ಮಳೆಗಾಲಕ್ಕೆ ಉಳಿಸುವ ಮನೆಯೇ ಬಾಳುವುದೆಂದು ಅವರು ಬಲ್ಲರು.