ಬೆಂಗಳೂರಿಗೆ ರೆಕ್ಕೆ ಬಂದ ಕಥೆ

ಬೆಳ್ಳಂದೂರು ಕೆರೆ ಎಂದೊಡನೆ ಇಂದಿನ ಮಕ್ಕಳಿಗೆ ನೆನಪಾಗುವುದು ಬಿಳಿಯ ನೊರೆ. 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿಕೊಂಡದ್ದನ್ನು ಕಂಡು ಜನ ಬೆರಗಾಗಿದ್ದರು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಕೆರೆಯ ನೀರಿನ ಮೇಲೆ ವಿಮಾನಗಳು ಬಂದಿಳಿಯುತ್ತಿದ್ದವು ಎಂದರೆ ನಂಬುತ್ತೀರಾ? ಅವು ಕ್ಯಾಟಲೀನಾ ಎಂಬ ಹಾರುವ ದೋಣಿಗಳು. ಅವುಗಳ ಹೊಟ್ಟೆಯ ಭಾಗ ದೋಣಿಯಂತೆಯೇ ಇರುತ್ತಿತ್ತು. ನೀರಿಗಿಳಿದ ವಿಮಾನವನ್ನು ದಡಕ್ಕೆ ಎಳೆದು ತಂದು, ಪಕ್ಕದಲ್ಲೇ ಇದ್ದ ಕಾರ್ಖಾನೆಯ ಕೆಲಸಗಾರರು ರಿಪೇರಿ ಮಾಡುತ್ತಿದ್ದರು.

ಆ ಕಾರ್ಖಾನೆಯೇ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ಹುಟ್ಟಿದ್ದು ಪ್ರಯಾಣಿಕರಿಗಾಗಿ ಅಲ್ಲ, ಈ ಕಾರ್ಖಾನೆಗಾಗಿ. ಎರಡರ ಕಥೆಯೂ ಒಂದೇ.

ಉದ್ಯಮಿ, ದಿವಾನ ಮತ್ತು ಸಂಸ್ಥಾನ

ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್ ಹಡಗಿನ ಉದ್ಯಮದಲ್ಲಿ ಹೆಸರು ಮಾಡಿದವರು. 1939ರಲ್ಲಿ ಮೋಟಾರು ಕಾರ್ಖಾನೆ ತೆರೆಯುವ ಯೋಚನೆಯಿಂದ ಅಮೆರಿಕಕ್ಕೆ ಹೊರಟಿದ್ದ ಅವರಿಗೆ ಪ್ರಯಾಣದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನರ ಪರಿಚಯವಾಯಿತು. ಪಾಲಿ ಆಗ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದರು. ಚೀನಾದಲ್ಲಿ ಆಗುವುದಾದರೆ ಭಾರತದಲ್ಲೇಕೆ ಆಗದು ಎಂಬ ಪ್ರಶ್ನೆ ವಾಲ್‌ಚಂದರ ತಲೆ ಹೊಕ್ಕಿತು.

ಜಾಗ ಎಲ್ಲಿ? ಕೈ ಚಾಚಿದ್ದು ಮೈಸೂರು ಸಂಸ್ಥಾನ. ಜಯಚಾಮರಾಜ ಒಡೆಯರು ಆಗಷ್ಟೇ ಪಟ್ಟಕ್ಕೆ ಬಂದಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಸಂಸ್ಥಾನ ಭೂಮಿ ಕೊಟ್ಟಿತು, ಬಂಡವಾಳದಲ್ಲೂ ಪಾಲು ಹಾಕಿತು. ಬೆಂಗಳೂರಿಗೆ ಇನ್ನೂ ಕೆಲವು ಅನುಕೂಲಗಳಿದ್ದವು. ಶಿವನಸಮುದ್ರದ ಜಲವಿದ್ಯುತ್ತು 1905ರಲ್ಲೇ ಊರಿಗೆ ಬಂದಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಿತ್ತು. ನಗರದಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿತ್ತು. ಕಡಲ ತೀರದಿಂದ ದೂರವಿದ್ದುದರಿಂದ ಶತ್ರುವಿನ ಭಯವೂ ಕಡಿಮೆ.

1940ರ ಡಿಸೆಂಬರ್ 23ರಂದು ಕಂಪನಿ ನೋಂದಣಿಯಾಯಿತು. ದೊಮ್ಮಲೂರು ರಸ್ತೆಯ ಒಂದು ಬಂಗಲೆಯಲ್ಲಿ ಮೊದಲ ಕಚೇರಿ. ಪೂರ್ವ ದಿಕ್ಕಿನ ಬಯಲಿನಲ್ಲಿ ಕಾರ್ಖಾನೆಯೂ ಓಡುದಾರಿಯೂ ಎದ್ದವು. ಮರುವರ್ಷ ಭಾರತ ಸರ್ಕಾರವೂ ಪಾಲುದಾರನಾಗಿ ಸೇರಿತು. 1941ರ ಆಗಸ್ಟಿನಲ್ಲಿ, ಅಂದರೆ ಎಂಟೇ ತಿಂಗಳಲ್ಲಿ, ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಆಕಾಶಕ್ಕೇರಿತು. 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಹಾರಿತು. ಬಿಡಿಭಾಗಗಳು ಅಮೆರಿಕದವು, ಜೋಡಿಸಿದ ಕೈಗಳು ಇಲ್ಲಿಯವು.

ಓಡುದಾರಿಯ ವಿಜ್ಞಾನ

ವಿದ್ಯಾರ್ಥಿಗಳು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಈ ನಿಲ್ದಾಣದ ಓಡುದಾರಿ ಪೂರ್ವ ಪಶ್ಚಿಮವಾಗಿದೆ. ಅದರ ಒಂದು ತುದಿಯಲ್ಲಿ 09 ಎಂದೂ ಇನ್ನೊಂದು ತುದಿಯಲ್ಲಿ 27 ಎಂದೂ ಬರೆದಿರುತ್ತಾರೆ. ದಿಕ್ಸೂಚಿಯಲ್ಲಿ ಪೂರ್ವ 90 ಡಿಗ್ರಿ, ಪಶ್ಚಿಮ 270 ಡಿಗ್ರಿ. ಕೊನೆಯ ಸೊನ್ನೆಯನ್ನು ಬಿಟ್ಟು ಬರೆಯುವುದು ರೂಢಿ.

ದಿಕ್ಕನ್ನು ನಿರ್ಧರಿಸುವುದು ಗಾಳಿ. ಮುಂಗಾರಿನಲ್ಲಿ ಬೆಂಗಳೂರಿಗೆ ಗಾಳಿ ಪಶ್ಚಿಮದಿಂದ ಬೀಸಿದರೆ ಚಳಿಗಾಲದಲ್ಲಿ ಪೂರ್ವದಿಂದ ಬೀಸುತ್ತದೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ರೆಕ್ಕೆಗೆ ಬೇಕಾದುದು ನೆಲದ ಮೇಲಿನ ವೇಗವಲ್ಲ, ಗಾಳಿಗೆ ಹೋಲಿಸಿದ ವೇಗ. ಮೇಲೇರಲು ಗಂಟೆಗೆ 100 ಕಿಲೋಮೀಟರ್ ವೇಗ ಬೇಕಾದ ಸಣ್ಣ ವಿಮಾನಕ್ಕೆ ಎದುರಿನಿಂದ 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ನೆಲದ ಮೇಲೆ 80 ಕಿಲೋಮೀಟರ್ ವೇಗದಲ್ಲಿ ಓಡಿದರೆ ಸಾಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ 8ರಷ್ಟು ಕಡಿಮೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಸಿಗುವ ಎತ್ತುವ ಬಲ ಕಡಿಮೆ. ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಚೆನ್ನೈನಲ್ಲಿ ಏರುವ ವಿಮಾನಕ್ಕಿಂತ ಇಲ್ಲಿಯದು ಹೆಚ್ಚು ದೂರ ಓಡಬೇಕು. ಎಚ್‌ಎಎಲ್ ಓಡುದಾರಿ 3,300 ಮೀಟರ್‌ನಷ್ಟು ಬೆಳೆದುದರ ಹಿಂದೆ ಈ ಲೆಕ್ಕವೂ ಇದೆ.

ರಿಪೇರಿಯೇ ಪಾಠಶಾಲೆ

ಕಾರ್ಖಾನೆ ಕಣ್ಣು ಬಿಡುವಷ್ಟರಲ್ಲಿ ಯುದ್ಧ ಮನೆಬಾಗಿಲಿಗೆ ಬಂತು. 1942ರ ಏಪ್ರಿಲ್‌ನಲ್ಲಿ ಜಪಾನೀಯರು ಕೊಲಂಬೊ ಮತ್ತು ವಿಶಾಖಪಟ್ಟಣಗಳ ಮೇಲೆ ಬಾಂಬು ಹಾಕಿದರು. ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಯಿತು. ಹೊಸ ವಿಮಾನ ಕಟ್ಟುವ ಕೆಲಸ ನಿಂತಿತು. ಇನ್ನು ಮುಂದೆ ರಿಪೇರಿ ಮಾತ್ರ.

ಕನಸು ಕಂಡವರಿಗೆ ಇದು ನಿರಾಸೆಯೇ ಆಗಿರಬೇಕು. ಆದರೆ ಆದದ್ದೇ ಬೇರೆ. ಬಗೆಬಗೆಯ ವಿಮಾನಗಳನ್ನು ಬಿಚ್ಚಿ, ಸವೆದ ಭಾಗ ತೆಗೆದು, ಹೊಸದನ್ನು ಕೂರಿಸಿ, ಮತ್ತೆ ಹಾರುವಂತೆ ಮಾಡುವಾಗ ನಮ್ಮ ಕೆಲಸಗಾರರು ವಿಮಾನದ ಒಳಹೊರಗನ್ನೆಲ್ಲ ಕಲಿತರು. ಯಾವ ಭಾಗ ಮೊದಲು ಬಿರುಕು ಬಿಡುತ್ತದೆ, ಯಾವ ಮೊಳೆ ಸಡಿಲವಾಗುತ್ತದೆ ಎಂಬುದನ್ನು ನಕ್ಷೆ ನೋಡಿ ತಿಳಿಯಲಾಗದು.

ಆ ಕಲಿಕೆಯ ಪರೀಕ್ಷೆ ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ. ಯುದ್ಧ ಮುಗಿದಾಗ ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬರ್ ವಿಮಾನಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಅವು ಗುಜರಿಗೇ ಲಾಯಕ್ಕು ಎಂದುಕೊಂಡಿದ್ದವರೇ ಹೆಚ್ಚು. 1948ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟಿನ ತಂತ್ರಜ್ಞರು ಅಲ್ಲಿಗೆ ಹೋಗಿ, ಒಂದೊಂದನ್ನೂ ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ಸರಿಮಾಡಿದರು. ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಹಾರಿಸಿಕೊಂಡು ಬಂದರು. ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಯಾದ ಸುಮಾರು 40 ವಿಮಾನಗಳು ನಮ್ಮ ವಾಯುಪಡೆಗೆ ಸೇರಿದವು. 1968ರವರೆಗೆ ಅವು ಸೇವೆಯಲ್ಲಿದ್ದವು.

ಅದೇ ವರ್ಷಗಳಲ್ಲಿ ಕಾರ್ಖಾನೆ ರೈಲು ಡಬ್ಬಿಗಳನ್ನೂ ಬಸ್ಸುಗಳ ಮೈಕಟ್ಟನ್ನೂ ತಯಾರಿಸಿ ಕೆಲಸಗಾರರ ಹೊಟ್ಟೆ ಹೊರೆಯಿತು. ರೈಲು ಡಬ್ಬಿಯ ವಿಭಾಗ ಮುಂದೆ 1964ರಲ್ಲಿ ಆರಂಭವಾದ ಬಿಇಎಂಎಲ್‌ಗೆ ಸೇರಿತು. ಬೆಂಗಳೂರು ಮೆಟ್ರೊದ ಮೊದಲ ಹಂತದ ರೈಲುಗಳ ತಯಾರಿಕೆಯಲ್ಲಿ ಪಾಲುಗೊಂಡದ್ದೂ ಇದೇ ಬಿಇಎಂಎಲ್.

ನಮ್ಮದೇ ವಿಮಾನ

ಕೈಗೆ ವಿದ್ಯೆ ಬಂದಿತ್ತು. ಅದಕ್ಕೆ ಶಾಸ್ತ್ರದ ಬಲ ತಂದವರು ಡಾ. ವಿ.ಎಂ. ಘಾಟಗೆ. ಕೊಲ್ಲಾಪುರದ ಕಡೆಯ ಈ ವಿಜ್ಞಾನಿ ಜರ್ಮನಿಯ ಗಟಿಂಗೆನ್‌ನಲ್ಲಿ ವಾಯುಚಲನ ಶಾಸ್ತ್ರದ ಮಹಾಗುರು ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಓದಿದವರು. ಯುದ್ಧದ ನಡುವೆಯೇ ಇಲ್ಲಿ ಹತ್ತು ಜನ ಕೂರುವ ಗ್ಲೈಡರ್ ಒಂದನ್ನು ರೂಪಿಸಿದರು. 1942ರ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆದಾಗ ಅದನ್ನು ಕಟ್ಟಿದರು. ಬಳಿಕ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ಎರಡು ಆಸನಗಳ ತರಬೇತಿ ವಿಮಾನ ಸಿದ್ಧವಾಯಿತು. 1951ರ ಆಗಸ್ಟಿನಲ್ಲಿ ಅದನ್ನು ಮೊದಲು ಹಾರಿಸಿದವರು ಕಾನ್ಪುರದಿಂದ ಲಿಬರೇಟರ್‌ಗಳನ್ನು ತಂದ ಅದೇ ಮುನ್ಷಿ. ಇಂಥ ಸುಮಾರು 170 ವಿಮಾನಗಳು ತಯಾರಾದವು. ನಮ್ಮ ಎಷ್ಟೋ ಪೈಲಟ್‌ಗಳು ಹಾರಾಟದ ಓಂ ನಾಮ ತಿದ್ದಿದ್ದು ಇದರಲ್ಲೇ.

ಹತ್ತು ವರ್ಷಗಳ ನಂತರ, 1961ರ ಜೂನ್‌ನಲ್ಲಿ, ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ಮಾರುತ್ ಜೆಟ್ ಯುದ್ಧವಿಮಾನ ಇದೇ ಓಡುದಾರಿಯಿಂದ ಮೇಲೆದ್ದಿತು. ಇದೇ ಓಡುದಾರಿಯಿಂದ 2001ರ ಜನವರಿ 4ರಂದು ಎಲ್‌ಸಿಎ ಹಾರಿತು. ಮುಂದೆ ಅದಕ್ಕೆ ತೇಜಸ್ ಎಂಬ ಹೆಸರಾಯಿತು.

ಉಳಿದಿರುವ ಪಾಠ

ಹೆಮ್ಮೆಯ ಜೊತೆಗೆ ಒಂದು ಕೊರತೆಯನ್ನೂ ಮಕ್ಕಳಿಗೆ ಹೇಳಬೇಕು. ಎಚ್‌ಟಿ-2ರ ಎಂಜಿನ್ ವಿನ್ಯಾಸ ಬ್ರಿಟನ್ನಿನದು. ಮಾರುತ್‌ನದೂ ಅಷ್ಟೆ. ಅದರ ಮೈಕಟ್ಟಿಗೆ ತಕ್ಕ ಬಲಶಾಲಿ ಎಂಜಿನ್ ಕೊನೆಗೂ ಸಿಗದೆ ಅದು ತನ್ನ ಪೂರ್ಣ ವೇಗವನ್ನು ಮುಟ್ಟಲೇ ಇಲ್ಲ. ತೇಜಸ್‌ಗೆ ಅಳವಡಿಸಿದ್ದು ಅಮೆರಿಕದ ಎಂಜಿನ್. ಬೆಂಗಳೂರಿನಲ್ಲೇ ಕಾವೇರಿ ಎಂಬ ಎಂಜಿನ್ನಿಗಾಗಿ 1980ರ ದಶಕದಿಂದ ಶ್ರಮಿಸಿದರೂ ಅದು ತೇಜಸ್ ಏರಲಾಗಲಿಲ್ಲ. ಜೆಟ್ ಎಂಜಿನ್ನಿನೊಳಗೆ ಸುತ್ತುವ ಎಲೆಯಂಥ ಅಲಗುಗಳ ಸುತ್ತಲಿನ ಅನಿಲದ ಬಿಸಿ ಆ ಲೋಹ ಕರಗುವ ಮಟ್ಟವನ್ನೂ ಮೀರಿರುತ್ತದೆ. ಅಲಗಿನೊಳಗೆ ಸಣ್ಣ ರಂಧ್ರಗಳನ್ನು ಮಾಡಿ, ಗಾಳಿ ಹರಿಸಿ ಅದನ್ನು ತಂಪಾಗಿಡಬೇಕು. ಇಂಥ ವಿದ್ಯೆಯನ್ನು ಯಾವ ದೇಶವೂ ಸುಲಭವಾಗಿ ಹೇಳಿಕೊಡುವುದಿಲ್ಲ. ಮಾಡಿ, ಕೆಡಿಸಿ, ಮತ್ತೆ ಮಾಡಿಯೇ ಕಲಿಯಬೇಕು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಾಗ ಹಳೆಯ ನಿಲ್ದಾಣದ ಸಾಮಾನ್ಯ ಪ್ರಯಾಣಿಕ ಸೇವೆ ಮುಗಿಯಿತು. ಆದರೆ ಓಡುದಾರಿ ಸುಮ್ಮನಾಗಲಿಲ್ಲ. ಪರೀಕ್ಷಾ ಹಾರಾಟಗಳು ಮುಂದುವರಿದವು. ಹತ್ತಿರದಲ್ಲೇ ಇರುವ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2, ಮಾರುತ್‌ಗಳನ್ನು ಕಣ್ಣಾರೆ ಕಾಣಬಹುದು. ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ.

ತಂದೆತಾಯಂದಿರಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಮಗುವೊಂದು ಕೆಟ್ಟ ಫ್ಯಾನನ್ನೋ ಹಳೆಯ ಗಡಿಯಾರವನ್ನೋ ಬಿಚ್ಚಿ ಕುಳಿತರೆ, 'ಓದೋದು ಬಿಟ್ಟು ಇದೇನು ಮಾಡ್ತಿದ್ದೀಯ' ಎಂದು ಗದರುತ್ತೇವೆ. ಪ್ಲಗ್ ತೆಗೆದಿದೆಯೇ ಎಂದು ಮೊದಲು ನೋಡಿ. ತೆಗೆದಿದ್ದರೆ ಪಕ್ಕದಲ್ಲಿ ಕುಳಿತು, ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಹೇಳಿ. ಬೆಂಗಳೂರಿಗೆ ರೆಕ್ಕೆ ಬಂದದ್ದು ಹಾಗೆಯೇ.