ಬಣ್ಣ ತುಂಡಾದ್ರೆ ಕೋಡ್ ತಪ್ಪಾ?

ಪಾಂಡವಪುರದ ಆಲೆಮನೆ ಲೆಕ್ಕಕ್ಕೆ ನೀವು ಪೈಥಾನ್‌ನಲ್ಲಿ ‘ಬೆಲ್ಲ = 50’ ಅಂತ ಬರೆದ್ರಿ ಅಂದ್ಕೊಳ್ಳಿ. ಕೋಡ್ ರನ್ ಆಗುತ್ತೆ. 2008ರಲ್ಲಿ ಬಂದ ಪೈಥಾನ್ 3 ಕನ್ನಡ ಹೆಸರುಗಳನ್ನ ಒಪ್ಪುತ್ತೆ. ಆದರೆ ಕೆಲವು ಎಡಿಟರ್‌ಗಳಲ್ಲಿ ಆ ಹೆಸರಿನ ಬಣ್ಣ ಮಧ್ಯಕ್ಕೇ ತುಂಡಾಗಬಹುದು.

ಯಾಕೆ? ಬಣ್ಣ ಹಚ್ಚೋ ಲೈಬ್ರರಿ ಕೋಡನ್ನ ರನ್ ಮಾಡಿ ನೋಡಲ್ಲ. ರೆಜೆಕ್ಸ್ ಅನ್ನೋ ಹುಡುಕೋ ಸೂತ್ರ ಹಾಕಿ, ಇದು ಕೀವರ್ಡ್, ಇದು ಸಂಖ್ಯೆ, ಇದು ಕಾಮೆಂಟ್ ಅಂತ ಬಿಡಿಸುತ್ತೆ, ಅಷ್ಟೆ. ಪೈಥಾನ್‌ನ ಮಾಮೂಲಿ ರೆಜೆಕ್ಸ್ ಲೆಕ್ಕದಲ್ಲಿ ‘ಬ’ ಅಕ್ಷರ, ಅದರ ಎತ್ವ ಅಕ್ಷರ ಅಲ್ಲ! 2006ರಲ್ಲಿ ಶುರುವಾದ ಪಿಗ್ಮೆಂಟ್ಸ್ ಲೈಬ್ರರಿ ಪೈಥಾನ್ ಹೆಸರುಗಳಿಗೆ ಯೂನಿಕೋಡ್ ಪಟ್ಟಿಯನ್ನೇ ಬಳಸುತ್ತೆ. ಹಾಗಾಗಿ ಅಲ್ಲಿ ‘ಬೆಲ್ಲ’ ಇಡಿಯಾಗೇ ಉಳಿಯುತ್ತೆ.

ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಕಡೆ ಫೋನಲ್ಲೇ ಕೋಡಿಂಗ್ ಕಲೀತಿರೋರೇ, ಬಣ್ಣ ಕೆಟ್ಟಿತು ಅಂತ ಕನ್ನಡದ ಹೆಸರು ಅಳಿಸಬೇಡಿ. ಮೊದಲು ರನ್ ಮಾಡಿ ನೋಡಿ.