ಸಿ.ಡಿ. ತಿರುಗಲಿ, ಭಾಗವತಿಕೆ ನಡೆಯಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಯಕ್ಷಗಾನ ಪ್ರಿಯರ ಮನೆಯ ಹಳೆಯ ಸಿ.ಡಿ. ರಾಶಿಯಲ್ಲಿ ಸಾಮಾನ್ಯವಾಗಿ ಮೂರು ಜಾತಿಯ ತಟ್ಟೆಗಳು ಬೆರೆತಿರುತ್ತವೆ. ಕಂಪನಿಯವರು ಅಚ್ಚು ಹಾಕಿದ ಆಡಿಯೋ ಸಿ.ಡಿ. ಒಂದು. ಹತ್ತು ತಾಸಿನ ಪದ್ಯಗಳನ್ನು ಒಂದೇ ತಟ್ಟೆಯಲ್ಲಿ ತುರುಕಿದ ಎಂಪಿ3 ಸಿ.ಡಿ. ಇನ್ನೊಂದು. ಆಟವನ್ನೋ ತಾಳಮದ್ದಲೆಯನ್ನೋ ಯಾರೋ ರೆಕಾರ್ಡ್ ಮಾಡಿ, ಬರೆಯುವ ಸಿ.ಡಿ.ಗೆ ಇಳಿಸಿ, ಮೇಲೆ ಪೆನ್ನಿನಲ್ಲಿ ಪ್ರಸಂಗದ ಹೆಸರು ಗೀಚಿಟ್ಟದ್ದು ಮೂರನೆಯದು. ಈ ರಾಶಿಯನ್ನು ಕಂಪ್ಯೂಟರಿಗೆ ಇಳಿಸಹೊರಟವರಿಗೆ ವಿಂಗಡಣೆಯೇ ಅರ್ಧ ಕೆಲಸ.

ಎಂಪಿ3 ತಟ್ಟೆಯಲ್ಲಿ ಇರುವುದು ಸಿದ್ಧ ಫೈಲುಗಳು. ಹಾಗೆಯೇ ಎತ್ತಿಟ್ಟುಕೊಂಡರೆ ಮುಗಿಯಿತು. ಮತ್ತೊಮ್ಮೆ ಎಂಪಿ3 ಮಾಡಹೊರಟರೆ ದನಿ ಇನ್ನಷ್ಟು ಕೆಡುತ್ತದೆ. ಕಷ್ಟವಿರುವುದು ಆಡಿಯೋ ಸಿ.ಡಿ.ಯಲ್ಲಿ. ಅದರಲ್ಲಿ ನಮಗೆ ಗೊತ್ತಿರುವ ಅರ್ಥದ ಫೈಲುಗಳೇ ಇಲ್ಲ. ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಒಂದು ಗೆರೆ ಇದೆ. ಗೆರೆಯ ಸುತ್ತುಗಳ ನಡುವಿನ ಅಂತರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು, 1.6 ಮೈಕ್ರಾನ್. ಪೂರ್ತಿ ಬಿಚ್ಚಿದರೆ ಐದು ಕಿಲೋಮೀಟರಿಗೂ ಮಿಕ್ಕಿ ಉದ್ದ. ಸಂಗೀತದ ಪ್ರತಿ ಸೆಕೆಂಡನ್ನೂ ಎಡ ಬಲ ಎರಡು ಕಡೆಗೂ 44,100 ಬಾರಿ ಅಳೆದು, ಆ ಅಂಕಿಗಳನ್ನು ಸಣ್ಣ ಕುಳಿಗಳಾಗಿ ಗೆರೆಯುದ್ದಕ್ಕೂ ಒತ್ತಿರುತ್ತಾರೆ. 780 ನ್ಯಾನೋಮೀಟರಿನ ಲೇಸರ್ ಕೆಳಗಿನಿಂದ ಅದನ್ನು ಓದುತ್ತದೆ.

ಕೇಳುವಾಗ ಗೆರೆ ಸೆಕೆಂಡಿಗೆ ಸುಮಾರು 1.2 ಮೀಟರಿನಂತೆ ಲೇಸರಿನ ಮುಂದೆ ಹರಿಯಬೇಕು. ಹಾಗಾಗಿ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಬಾರಿ ತಿರುಗುವ ತಟ್ಟೆ ಅಂಚಿಗೆ ಬರುವಾಗ 200ಕ್ಕೆ ಇಳಿಯುತ್ತದೆ. ಕಂಪ್ಯೂಟರಿನ ಡ್ರೈವಿಗೆ ಈ ತಾಳ್ಮೆ ಬೇಕಿಲ್ಲ. ಅದು ಹತ್ತಿಪ್ಪತ್ತು ಪಟ್ಟು ವೇಗದಲ್ಲಿ ಓದಿ, ಒಂದು ತಾಸಿನ ತಟ್ಟೆಯನ್ನು ಐದಾರು ನಿಮಿಷದಲ್ಲಿ ಇಳಿಸಿಕೊಳ್ಳಬಲ್ಲದು. ಬಹಳ ಮಂದಿ ಎಡವುವುದು ಇಲ್ಲಿಯೇ: ಅದೇ ತಟ್ಟೆಯನ್ನು ಕೇಳುತ್ತಲೇ ನಕಲನ್ನೂ ಮಾಡಹೋಗುತ್ತಾರೆ. ಇರುವ ಒಂದೇ ಲೇಸರ್ ಎರಡು ಕಡೆ ಓಡಿ ಓಡಿ ಸುಸ್ತಾಗುತ್ತದೆ, ಹಾಡೂ ತಡವರಿಸುತ್ತದೆ. ಸರಿಯಾದ ಕ್ರಮವೆಂದರೆ ಮೊದಲ ತಟ್ಟೆಯನ್ನು ಇಳಿಸಿ, ಅದನ್ನು ಹಾರ್ಡ್‌ಡಿಸ್ಕಿನಿಂದ ಕೇಳುವುದು. ಕೇಳುತ್ತಿರುವಾಗ ಡ್ರೈವಿಗೆ ಎರಡನೆಯದನ್ನು ಹಾಕುವುದು. ಕಿವಿ ಸದಾ ಡ್ರೈವಿಗಿಂತ ಒಂದು ತಟ್ಟೆ ಹಿಂದೆ ಇರಬೇಕು.

ಗೀಚುಗಳ ವಿಚಾರಕ್ಕೆ ಬಂದರೆ ಸಿ.ಡಿ.ಯ ಜಾಣತನ ನಿಜಕ್ಕೂ ಮೆಚ್ಚುವಂಥದ್ದು. ಅಕ್ಕಪಕ್ಕದ ಅಂಕಿಗಳನ್ನು ಅಕ್ಕಪಕ್ಕದಲ್ಲೇ ಬರೆಯದೆ ಗೆರೆಯುದ್ದಕ್ಕೂ ಚದುರಿಸಿ, ಜೊತೆಗೆ ತಾಳೆ ನೋಡಲು ಹೆಚ್ಚಿನ ಅಂಕಿಗಳನ್ನು ಸೇರಿಸಿರುತ್ತಾರೆ. ಇದರಿಂದ ಗೆರೆಯ ಮೇಲೆ ಸುಮಾರು ಎರಡೂವರೆ ಮಿಲಿಮೀಟರು ಪೂರ್ತಿ ಅಳಿಸಿಹೋದರೂ ಮೂಲ ಅಂಕಿಗಳನ್ನು ಲೆಕ್ಕ ಹಾಕಿ ಮರಳಿ ಪಡೆಯಬಹುದು. ಅದಕ್ಕೂ ಮೀರಿದ ಗಾಯವಾದರೆ ಪ್ಲೇಯರು ಆಚೀಚಿನ ಅಂಕಿ ನೋಡಿ ನಡುವಿನದನ್ನು ಊಹಿಸಿ ನುಡಿಸಿಬಿಡುತ್ತದೆ. ಹೆಚ್ಚಿನ ಸಲ ಕೇಳುಗನಿಗೆ ಇದರ ಸುಳಿವೇ ಹತ್ತುವುದಿಲ್ಲ. ತಟ್ಟೆಯನ್ನು ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು ಎನ್ನುವುದೂ ಇದೇ ಕಾರಣಕ್ಕೆ. ಅಡ್ಡ ಗೀಚು ಗೆರೆಯನ್ನು ಕ್ಷಣಮಾತ್ರ ಕತ್ತರಿಸುತ್ತದೆ. ಸುತ್ತು ಗೀಚು ಗೆರೆಯ ಜೊತೆಗೇ ಓಡಿ ಬಹಳ ದೂರ ಅಳಿಸುತ್ತದೆ.

ಪ್ಲೇಯರು ಹೀಗೆ ಊಹಿಸಿ ನುಡಿಸಿಬಿಡುವುದರಿಂದ ಕಿವಿಯೊಂದನ್ನೇ ನಂಬುವಂತಿಲ್ಲ. ಎಕ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶಗಳು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತವೆ. ಬೇರೆಯವರು ಇಳಿಸಿದ ಅದೇ ತಟ್ಟೆಯ ಲೆಕ್ಕದ ಜೊತೆಗೂ ಹೋಲಿಸುತ್ತವೆ. ಜನಪ್ರಿಯ ಸಿನಿಮಾ ಹಾಡಿನ ತಟ್ಟೆಗೆ ಇದು ಸಲೀಸು. ಬಡಗುತಿಟ್ಟಿನ ಪದ್ಯಗಳ ತಟ್ಟೆಯನ್ನು ಲೋಕದಲ್ಲಿ ಇನ್ನೊಬ್ಬ ಇಳಿಸಿರುವ ಸಂಭವ ಕಡಿಮೆ. ಅಂಥದ್ದನ್ನು ಎರಡು ಬಾರಿ ಇಳಿಸಿ, ಎರಡೂ ಒಂದೇ ಬಂತೇ ಎಂದು ನೋಡುವುದೊಂದೇ ದಾರಿ.

ಕಿವಿಗೆ ಕೆಲಸವಿರುವುದು ಬೇರೆ ಕಡೆ. ಆಡಿಯೋ ಸಿ.ಡಿ.ಯಲ್ಲಿ ಹಾಡಿನ ಹೆಸರು ಬರೆದಿರುವುದು ಅಪರೂಪ. ಹಾಡುಗಳ ಉದ್ದದ ಲೆಕ್ಕ ಹಿಡಿದು ತಂತ್ರಾಂಶವು ಮ್ಯೂಸಿಕ್‌ಬ್ರೇನ್ಜ್‌ನಂಥ ಕೋಶಗಳಲ್ಲಿ ಹೆಸರು ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಉಳಿಯುವುದು ‘ಟ್ರ್ಯಾಕ್ 01’ ಮಾತ್ರ. ಯಾವ ಪ್ರಸಂಗ, ಭಾಗವತರು ಯಾರು, ಮದ್ದಳೆ ಚೆಂಡೆ ಯಾರದು, ಅರ್ಥ ಹೇಳುತ್ತಿರುವವರು ಯಾರು ಎಂಬುದನ್ನು ಕೇಳುತ್ತಲೇ ಬರೆದುಕೊಳ್ಳಬೇಕು. ಮಂದಾರ್ತಿ, ಸಾಲಿಗ್ರಾಮ ಮೇಳಗಳ ಆಟ ನೋಡುತ್ತ ಬೆಳೆದ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಎರಡು ಸಾಲು ಕೇಳುವಷ್ಟರಲ್ಲಿ ಹೆಸರು ಹೇಳುತ್ತಾರೆ. ಯಾವ ಕೋಶವೂ ಅವರಿಗೆ ಸಾಟಿಯಲ್ಲ.

ಇನ್ನೊಂದು ಸೂಕ್ಷ್ಮವಿದೆ. ಭಾಗವತ ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರ ಪದ್ಯಗಳು ಮನೆಮನೆಗೆ ಹೋದದ್ದು ಕ್ಯಾಸೆಟ್ಟಿನಲ್ಲಿ. ಅವರ ದನಿ ಸಿ.ಡಿ.ಯಲ್ಲಿ ಸಿಕ್ಕರೆ ಬಹುಮಟ್ಟಿಗೆ ಅದು ಟೇಪಿನಿಂದ ಬಂದದ್ದೇ. ಹಿಂದೆ ಕೇಳುವ ಸಣ್ಣ ‘ಸುಯ್’ ಸದ್ದು ಟೇಪಿನದು, ತಟ್ಟೆ ಕೆಟ್ಟಿದ್ದಲ್ಲ. ಅದನ್ನು ತೆಗೆಯಹೋದವರು ಭಾಗವತರ ತಾಳದ ಹೊಳಪನ್ನೂ ತೆಗೆದುಹಾಕುತ್ತಾರೆ. ಮುಟ್ಟದಿರುವುದೇ ಲೇಸು.

ಉಳಿಸಲು ಫ್ಲಾಕ್ ಸಾಕು. 2001ರಲ್ಲಿ ಬಂದ ಈ ವಿಧಾನ ಒಂದು ಅಂಕಿಯನ್ನೂ ಕಳೆಯದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. 74 ನಿಮಿಷದ ತಟ್ಟೆ 400 ಎಂ.ಬಿ. ಆಸುಪಾಸಿಗೆ ಬರುತ್ತದೆ, ಐನೂರು ತಟ್ಟೆಗಳು ಅಂಗೈಯಗಲದ ಹಾರ್ಡ್‌ಡಿಸ್ಕಿನ ಮೂಲೆಯಲ್ಲಿ ಕೂರುತ್ತವೆ.

ಕರಾವಳಿಯ ಹವೆ ಮಾತ್ರ ಕಾಯುವುದಿಲ್ಲ. ಸೆಕೆ ಮತ್ತು ತೇವ ಜೊತೆಯಾದರೆ ಶಿಲೀಂಧ್ರವೇ ಸಿ.ಡಿ.ಯನ್ನು ತಿನ್ನಬಹುದು, ಮಧ್ಯ ಅಮೆರಿಕದ ಬೆಲೀಜಿನಲ್ಲಿ ಹಾಗೆ ಹಾಳಾದ ತಟ್ಟೆಯೊಂದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ತೋರಿಸಿದ್ದರು. ನಮ್ಮಲ್ಲಿ ಹೆಚ್ಚಿನ ಭಯವಿರುವುದು ಮನೆಯಲ್ಲಿ ಬರೆದ ತಟ್ಟೆಗೆ. ಅದರಲ್ಲಿ ಒತ್ತಿದ ಕುಳಿಗಳಿಲ್ಲ. ಲೇಸರ್ ಬಣ್ಣದ ಪದರವೊಂದರಲ್ಲಿ ಗುರುತು ಮಾಡಿರುತ್ತದೆ. ಬಿಸಿಲು, ಸೆಕೆಗೆ ಆ ಬಣ್ಣ ಮಾಸುತ್ತದೆ. ಕಂಪನಿಯ ತಟ್ಟೆಗೆ ಬೇರೆಲ್ಲೋ ಇನ್ನೊಂದು ಪ್ರತಿ ಇದ್ದೀತು, ಊರಿನ ಆಟದ ರೆಕಾರ್ಡಿಗೆ ಇರಲಿಕ್ಕಿಲ್ಲ. ಆದ್ದರಿಂದ ಬರುವ ಮಳೆಗಾಲಕ್ಕೆ ಮುಂಚೆ ಪೆನ್ನಿನಲ್ಲಿ ಹೆಸರು ಬರೆದ ಆ ತಟ್ಟೆಗಳನ್ನೇ ಮೊದಲು ಇಳಿಸಿ, ಒಂದು ಪ್ರತಿಯನ್ನು ಇನ್ನೊಂದು ಮನೆಯಲ್ಲಿಡಿ.